ಕರೆದರೆ ಸಿಗುತ್ತಾರಾ? ಆರರಿಂದ ಹದಿನಾಲ್ಕರ ಮಕ್ಕಳ ಬಾಂಧವ್ಯ: ಓದುಗರ ಪ್ರಶ್ನೆಗಳು

ಬಾಂಧವ್ಯ, ಅಂದರೆ ಮಗುವಿಗೂ ಅದನ್ನು ನೋಡಿಕೊಳ್ಳುವವರಿಗೂ ನಡುವಿನ ಆಳವಾದ ನಂಟು, ಎಂದೊಡನೆ ಎಲ್ಲರ ಕಣ್ಣೂ ಕೂಸಿನ ಮೇಲೆ ಹೋಗುತ್ತದೆ. ಶಾಲೆಯ ಮೆಟ್ಟಿಲು ಹತ್ತಿದ ಮಕ್ಕಳ ಬಗ್ಗೆ ಕೇಳುವವರು ಕಡಿಮೆ. ಈ ಸಲದ ಪತ್ರಗಳೆಲ್ಲ ಆ ವಯಸ್ಸಿನವರ ಕುರಿತೇ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿದ್ದೇವೆ, ಗುರುತು ಸಿಗುವ ವಿವರಗಳನ್ನು ತೆಗೆದಿದ್ದೇವೆ.

ಪ್ರಶ್ನೆ: ಮಗನಿಗೆ ಎಂಟು ವರ್ಷ. ಮೊದಲೆಲ್ಲ ನನ್ನ ಬೆನ್ನು ಬಿಡುತ್ತಿರಲಿಲ್ಲ. ಈಗ ಶಾಲೆಯಿಂದ ಬಂದವನೇ ಚೀಲ ಎಸೆದು ಆಟಕ್ಕೆ ಓಡುತ್ತಾನೆ. ಮುದ್ದು ಮಾಡಲು ಹೋದರೆ ನುಣುಚಿಕೊಳ್ಳುತ್ತಾನೆ. ನಮ್ಮಿಬ್ಬರ ನಂಟು ಸಡಿಲವಾಗುತ್ತಿದೆಯೇ?

ಉತ್ತರ: ನೀವು ಬರೆದಷ್ಟರಿಂದ ಹಾಗೆ ಅನ್ನಿಸುವುದಿಲ್ಲ. ಒಂದೂವರೆ ವರ್ಷದ ಕೂಸಿಗೆ ಅಮ್ಮ ಕೈಗೆಟುಕುವಷ್ಟು ಹತ್ತಿರವಿರಬೇಕು. ಎಂಟು ವರ್ಷದವನಿಗೆ ಗಡಿಯಾರ ನೋಡಲು ಬರುತ್ತದೆ, ನೀವು ಎಲ್ಲಿದ್ದೀರಿ ಎಂಬುದು ಗೊತ್ತಿರುತ್ತದೆ, ಬೇಕಾದರೆ ಫೋನ್ ಮಾಡುತ್ತಾನೆ, 'ಇನ್ನು ಹತ್ತೇ ನಿಮಿಷ' ಎಂದು ಚೌಕಾಸಿಯನ್ನೂ ಮಾಡುತ್ತಾನೆ. ಬಾಂಧವ್ಯ ಸಿದ್ಧಾಂತಕ್ಕೆ ತಳಹದಿ ಹಾಕಿದ ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ (1907–1990) ಈ ತಿರುವನ್ನು ಗುರುತಿಸಿದ್ದರು. ಬೆಳೆದ ಮಗುವಿಗೆ ಅಪ್ಪ ಅಮ್ಮ ಪಕ್ಕದಲ್ಲೇ ಇರಬೇಕೆಂದಿಲ್ಲ. ಬೇಕೆಂದಾಗ ಸಿಗುತ್ತಾರೆ ಎಂಬ ಖಾತರಿ ಇದ್ದರೆ ಸಾಕು. ಆ ಖಾತರಿ ಇರುವ ಮಗುವೇ ನಿಶ್ಚಿಂತೆಯಿಂದ ಆಟಕ್ಕೆ ಓಡುವುದು.

ಈ ವಯಸ್ಸಿನಲ್ಲಿ ಮಗುವಿನ ಮೇಲೆ ಕಣ್ಣಿಡುವ ಕೆಲಸವೂ ಇಬ್ಬರ ಪಾಲಿನದಾಗುತ್ತದೆ. ಎಲ್ಲಿಗೆ ಹೋಗುತ್ತೇನೆಂದು ಅವನು ಹೇಳಬೇಕು, ಹೇಳಿದ ಹೊತ್ತಿಗೆ ಬರಬೇಕು. ನೀವು ಹೇಳಿದ ಜಾಗದಲ್ಲಿ ನೀವಿರಬೇಕು. ನಿಮ್ಮ ಪಾಲು ತಪ್ಪುತ್ತಿದ್ದರೆ ಅವನ ಪಾಲೂ ನಿಧಾನವಾಗಿ ತಪ್ಪುತ್ತದೆ. ಮನೆಯಲ್ಲೇ ಇದ್ದು ಮೊಬೈಲಿನಿಂದ ತಲೆಯೆತ್ತದಿರುವುದೂ ಸಿಗದಿರುವ ಲೆಕ್ಕವೇ ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇವೆ.

ಹಾಗಾಗಿ ಅಪ್ಪುಗೆಗಳನ್ನು ಎಣಿಸಬೇಡಿ. ಬಿದ್ದು ಪೆಟ್ಟಾದಾಗ, ಹೆದರಿದಾಗ, ಜ್ವರ ಬಂದಾಗ ಯಾರ ಹತ್ತಿರ ಬರುತ್ತಾನೆ? ಬಂದ ಮೇಲೆ ಸಮಾಧಾನ ಆಗುತ್ತದೆಯೇ? ಸಮಾಧಾನವಾದ ಮೇಲೆ ಮತ್ತೆ ತನ್ನ ಕೆಲಸಕ್ಕೆ ಮರಳುತ್ತಾನೆಯೇ? ಈ ಮೂರಕ್ಕೂ ಉತ್ತರ ಸರಿಯಾಗಿದ್ದರೆ ಚಿಂತೆ ಬೇಡ. ಚಿಂತಿಸಬೇಕಾದದ್ದು ಗಾಯವಾದರೂ ಮುಚ್ಚಿಟ್ಟುಕೊಳ್ಳುವ, ಅಳು ಬಂದಾಗ ಕೋಣೆ ಸೇರಿ ಒಬ್ಬನೇ ಮುಗಿಸಿ ಹೊರಬರುವ ಮಗುವಿನ ಬಗ್ಗೆ. ಅಂಥವರನ್ನು ದೊಡ್ಡವರು 'ತುಂಬಾ ಗಟ್ಟಿ' ಎಂದು ಹೊಗಳುವುದುಂಟು. ಹೊಗಳಬೇಡಿ.

ಮುದ್ದಿನ ವಿಷಯಕ್ಕೆ ಬಂದರೆ, ಗೆಳೆಯರ ಎದುರು ಬೇಡ. ಮಲಗುವ ಹೊತ್ತಿನಲ್ಲಿ ಹೆಚ್ಚಿನ ಮಕ್ಕಳು ಇನ್ನೂ ಒಪ್ಪುತ್ತಾರೆ.

ಪ್ರಶ್ನೆ: ಹತ್ತು ವರ್ಷದ ಮಗಳು ಶಾಲೆಯ ವಿಷಯ ಕೇಳಿದರೆ 'ಏನೂ ಇಲ್ಲ' ಎನ್ನುತ್ತಾಳೆ. ತರಗತಿಯಲ್ಲಿ ಅವಳನ್ನು ಗುಂಪಿನಿಂದ ಹೊರಗಿಟ್ಟಿದ್ದು ನನಗೆ ಗೊತ್ತಾದದ್ದು ಬೇರೆ ಮಗುವಿನ ತಾಯಿಯಿಂದ. ನನಗೇ ಏಕೆ ಹೇಳಲಿಲ್ಲ?

ಉತ್ತರ: ಸುರಕ್ಷಿತ ಬಾಂಧವ್ಯವುಳ್ಳ, ಅಂದರೆ ಕರೆದರೆ ದೊಡ್ಡವರು ಸಿಗುತ್ತಾರೆ ಎಂಬ ಖಾತರಿಯಿರುವ ಮಗುವಿನ ಮನಸ್ಸಿನಲ್ಲಿ ಒಂದು ಸಣ್ಣ ಕಥಾಹಂದರ ಇರುತ್ತದೆ ಎನ್ನುತ್ತಾರೆ ಸಂಶೋಧಕರಾದ ಎವರೆಟ್ ಮತ್ತು ಹ್ಯಾರಿಯೆಟ್ ವಾಟರ್ಸ್. ಏನೋ ಎಡವಟ್ಟಾಗುತ್ತದೆ, ಮಗು ಸುಳಿವು ಕೊಡುತ್ತದೆ, ದೊಡ್ಡವರು ಗಮನಿಸುತ್ತಾರೆ, ಆ ಹೊತ್ತಿಗೆ ತಕ್ಕ ನೆರವು ನೀಡುತ್ತಾರೆ, ಮಗು ಅದನ್ನು ತೆಗೆದುಕೊಳ್ಳುತ್ತದೆ, ಮನಸ್ಸು ಹಗುರಾಗುತ್ತದೆ, ಮತ್ತೆ ಆಟ. ಈ ಸರಪಳಿ ನೂರಾರು ಸಲ ಪೂರ್ತಿಯಾಗಿದ್ದರೆ ನೂರಾ ಒಂದನೆಯ ಸಲವೂ ಆಗುತ್ತದೆ ಎಂದು ಮಗು ನಂಬುತ್ತದೆ. ಮಗು ಬಾಯಿ ಬಿಡದಿದ್ದಾಗ ಕೇಳಿಕೊಳ್ಳಬೇಕಾದ ಪ್ರಶ್ನೆ, ನಮ್ಮ ಮನೆಯಲ್ಲಿ ಇದರ ಯಾವ ಕೊಂಡಿ ಕಳಚುತ್ತದೆ ಎಂಬುದು.

ಹೆಚ್ಚಾಗಿ ಕಳಚುವುದು ಮೂರು ಕಡೆ. ಮೊದಲನೆಯದು ಗಮನಿಸುವಲ್ಲಿ. ನಾಲ್ಕು ವರ್ಷದ ಮಗು ಅಳುತ್ತ ಬರುತ್ತದೆ, ಹತ್ತು ವರ್ಷದ್ದು ಹಾಗೆ ಬರುವುದಿಲ್ಲ. ಅದರ ಸುಳಿವು 'ಹೊಟ್ಟೆ ನೋವು' ಆಗಿರಬಹುದು, ತಮ್ಮನ ಮೇಲೆ ವಿನಾಕಾರಣ ಸಿಡುಕು ಆಗಿರಬಹುದು, ರಾತ್ರಿ ದೀಪ ಆರಿಸಿದ ಮೇಲೆ ಬರುವ 'ನಾಳೆ ಶಾಲೆಗೆ ಹೋಗಲೇಬೇಕಾ' ಎಂಬ ಮಾತಾಗಿರಬಹುದು. ಅದನ್ನು ಕೇಳಿದ ಕೂಡಲೇ 'ನಾಟಕ ಬೇಡ' ಎಂದರೆ ಸರಪಳಿ ಅಲ್ಲಿಗೇ ಮುಗಿಯಿತು.

ಎರಡನೆಯದು ನೆರವಿನಲ್ಲಿ, ಮತ್ತು ಒಳ್ಳೆಯ ಪಾಲಕರು ಎಡವುವುದು ಇಲ್ಲೇ ಹೆಚ್ಚು. ಮಗು ಅರ್ಧ ವಾಕ್ಯ ಹೇಳುವಷ್ಟರಲ್ಲಿ 'ಯಾರು ಅವಳು? ನಾಳೆಯೇ ಟೀಚರ್ ಹತ್ತಿರ ಮಾತಾಡುತ್ತೇನೆ' ಎಂದು ಹೊರಟುಬಿಡುತ್ತೇವೆ. ಮಗುವಿಗೆ ಒಂದು ತೊಂದರೆ ಇದ್ದದ್ದು ಎರಡಾಯಿತು. ಇಲ್ಲವೇ 'ನೀನೇನು ಮಾಡಿದ್ದೆ ಮೊದಲು?' ಎಂದು ವಿಚಾರಣೆ. ಮಾತನ್ನು ಅತ್ತೆ, ಚಿಕ್ಕಮ್ಮ, ಪಕ್ಕದ ಮನೆಯವರ ಮುಂದೆ ಮತ್ತೆ ಹೇಳುವುದೂ ಇದೇ ಜಾತಿಗೆ ಸೇರಿದ್ದು. ಒಂದೇ ಒಂದು ಸಲ ಹಾಗಾದರೂ ಮಗು ವರ್ಷಗಟ್ಟಲೆ ನೆನಪಿಟ್ಟುಕೊಳ್ಳಬಹುದು.

ಮೂರನೆಯದು ಬಿಡುವಲ್ಲಿ. ಮಗುವಿಗೆ ಸಮಾಧಾನವಾಗಿ ಆಟಕ್ಕೆ ಹೋಗಿರುತ್ತದೆ, ನಾವು ಎರಡು ದಿನ ಅದೇ ವಿಷಯ ಕೆದಕುತ್ತೇವೆ.

ಇನ್ನು ಮಾಡಿ ನೋಡಬೇಕಾದದ್ದು. ಶಾಲೆಯಿಂದ ಬಂದ ಮೊದಲ ಅರ್ಧ ಗಂಟೆ ಯಾವ ಪ್ರಶ್ನೆಯೂ ಬೇಡ. ತಿನ್ನಲು ಕೊಡಿ, ಸುಮ್ಮನೆ ಹತ್ತಿರದಲ್ಲಿರಿ. ಮಾತು ಎದುರುಬದುರು ಕೂತಾಗ ಬರುವುದು ಕಷ್ಟ. ಜೊತೆಯಲ್ಲಿ ನಡೆಯುವಾಗ, ಬಟ್ಟೆ ಮಡಿಸುವಾಗ, ಗಾಡಿಯಲ್ಲಿ ಹೋಗುವಾಗ, ಕಣ್ಣಿಗೆ ಕಣ್ಣು ಕೊಡಬೇಕಾದ ಭಾರವಿಲ್ಲದ ಹೊತ್ತಿನಲ್ಲಿ ಸಲೀಸು. 'ಹೇಗಿತ್ತು ಶಾಲೆ?' ಎಂಬುದಕ್ಕೆ 'ಚೆನ್ನಾಗಿತ್ತು' ಬಿಟ್ಟು ಬೇರೆ ಉತ್ತರವಿಲ್ಲ. 'ಊಟದ ಹೊತ್ತಲ್ಲಿ ಇವತ್ತು ಯಾರ ಪಕ್ಕ ಕೂತಿದ್ದೆ?' ಎಂದರೆ ಬಾಗಿಲು ತೆರೆಯಬಹುದು. ಅವಳು ಏನಾದರೂ ಹೇಳಿದರೆ ಅದನ್ನೇ ಚಿಕ್ಕದಾಗಿ ಮರಳಿ ಹೇಳಿ: 'ಅವರು ನಿನ್ನ ಬಿಟ್ಟು ಆಡಿದರು.' ಆಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಈ ಮೌನ ಪಾಲಕರಿಗೆ ಬಹಳ ಉದ್ದ ಅನ್ನಿಸುತ್ತದೆ, ಮಗು ಮುಂದಿನ ಮಾತು ಹುಡುಕುತ್ತಿರುವುದು ಆಗಲೇ. ಕೊನೆಗೆ ಕೇಳಿ: 'ನಾನು ಬರೀ ಕೇಳಿಸಿಕೊಳ್ಳಲಾ, ಏನಾದರೂ ಮಾಡಬೇಕಾ?' ಅವಳು ಬರೀ ಕೇಳು ಎಂದರೆ ಬರೀ ಕೇಳಿ. ಹೊಡೆತ, ಬೆದರಿಕೆ, ದೇಹಕ್ಕೆ ಸಂಬಂಧಿಸಿದ ಕಿರುಕುಳ ಇದ್ದರೆ ಮಾತ್ರ ಬೇರೆ ಮಾತು. ಆಗ ನೀವು ಕೈಹಾಕಲೇಬೇಕು, ಆದರೆ ಯಾರಿಗೆ, ಯಾವಾಗ, ಏನು ಹೇಳುತ್ತೀರಿ ಎಂಬುದನ್ನು ಮೊದಲು ಅವಳಿಗೇ ತಿಳಿಸಿ.

ಈಗಾಗಲೇ ಬೇರೆಯವರಿಂದ ಗೊತ್ತಾಗಿದೆಯಲ್ಲ, ಗೊತ್ತಿಲ್ಲದಂತೆ ನಟಿಸಬೇಡಿ. 'ನನಗೆ ಹೀಗೊಂದು ಸುದ್ದಿ ಬಂತು. ಹೇಳಬೇಕು ಅನ್ನಿಸಿದಾಗ ನಾನಿದ್ದೇನೆ' ಎಂದಷ್ಟೇ ಹೇಳಿ ಎದ್ದುಬಿಡಿ. ಅವಳು ಬರಲು ಒಂದು ವಾರವೂ ಹಿಡಿಯಬಹುದು.

ಪ್ರಶ್ನೆ: ಮಗ ಹುಟ್ಟಿದ ಮೇಲೆ ನಾನು ಎರಡು ವರ್ಷ ತೀವ್ರ ಖಿನ್ನತೆಯಲ್ಲಿದ್ದೆ. ಅವನನ್ನು ಎತ್ತಿಕೊಂಡ ನೆನಪೂ ಸರಿಯಾಗಿಲ್ಲ. ಈಗ ಅವನಿಗೆ ಒಂಬತ್ತು. ಮೊದಲ ಎರಡು ವರ್ಷದಲ್ಲಿ ಹಾಳಾದದ್ದು ಸರಿಹೋಗುವುದಿಲ್ಲ ಎಂದು ಓದಿದೆ.

ಉತ್ತರ: ಓದಿದ್ದು ತಪ್ಪು. ಒಂದು ವರ್ಷದ ಸುಮಾರಿಗೆ ಬಾಂಧವ್ಯವನ್ನು ಅಳೆಯುವ ಹೆಸರಾಂತ ವಿಧಾನವನ್ನು ರೂಪಿಸಿದವರು ಮೇರಿ ಐನ್ಸ್‌ವರ್ತ್. ಅಪರಿಚಿತ ಕೋಣೆಯಲ್ಲಿ ಸುಮಾರು 20 ನಿಮಿಷ, ತಾಯಿ ಎರಡು ಸಲ ಹೊರಹೋಗಿ ಮರಳುವಾಗ ಮಗು ಏನು ಮಾಡುತ್ತದೆ ಎಂಬುದನ್ನು ನೋಡುತ್ತಾರೆ. ಹಾಗೆ ಅಳೆದ ಮಕ್ಕಳನ್ನು ದೊಡ್ಡವರಾಗುವವರೆಗೆ ಹಿಂಬಾಲಿಸಿದ ಅಧ್ಯಯನಗಳು ಹಲವು ಇವೆ, ಅವುಗಳ ಉತ್ತರ ಒಂದೇ ತೆರನಾಗಿಲ್ಲ. ವಾಟರ್ಸ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಒಂದರಲ್ಲಿ 20 ವರ್ಷದ ನಂತರ ಮತ್ತೆ ಸಿಕ್ಕ 50 ಮಂದಿಯಲ್ಲಿ 72% ಜನ ಮೊದಲಿನ ಗುಂಪಿನಲ್ಲೇ, ಅಂದರೆ ಸುರಕ್ಷಿತ ಇದ್ದವರು ಸುರಕ್ಷಿತ, ಅಲ್ಲದವರು ಅಲ್ಲದಂತೆಯೇ ಉಳಿದಿದ್ದರು. ಬೇರೆ ಅಧ್ಯಯನಗಳಲ್ಲಿ ಸ್ಥಿರತೆ ಇದಕ್ಕಿಂತ ಬಹಳ ಕಡಿಮೆ. ಮಾರ್ಟಿನ್ ಪಿಂಕ್ವಾರ್ಟ್ ಮತ್ತು ಸಂಗಡಿಗರು 2013ರಲ್ಲಿ ಎಲ್ಲವನ್ನೂ ಒಟ್ಟುಗೂಡಿಸಿ ನೋಡಿದಾಗ ಎರಡು ಅಳತೆಗಳ ನಡುವಿನ ಸಹಸಂಬಂಧ 0.39 ಬಂತು; 15 ವರ್ಷಕ್ಕೂ ಹೆಚ್ಚಿನ ಅಂತರದಲ್ಲಿ ಗಣನೀಯ ಸ್ಥಿರತೆಯೇ ಕಾಣಲಿಲ್ಲ. ಸಹಸಂಬಂಧ 1 ಇದ್ದರೆ ಏನೂ ಬದಲಾಗಿಲ್ಲ ಎಂದರ್ಥ, 0 ಇದ್ದರೆ ಹಳೆಯದಕ್ಕೂ ಹೊಸದಕ್ಕೂ ನಂಟೇ ಇಲ್ಲ ಎಂದು. 0.39 ಎಂದರೆ ಮೊದಲಿನ ನೆರಳು ಇದೆ, ಹಣೆಬರಹ ಆಗಿಲ್ಲ.

ಯಾವುದು ಬದಲಿಸುತ್ತದೆ? ಕೆಳಕ್ಕೆ ಎಳೆಯುವವು ಅದೇ ವಾಟರ್ಸ್ ಅಧ್ಯಯನದಲ್ಲಿ ಸ್ಪಷ್ಟವಾಗಿದ್ದವು: ತಂದೆ ಅಥವಾ ತಾಯಿಯ ಸಾವು, ವಿಚ್ಛೇದನ, ಜೀವಕ್ಕೆ ಕುತ್ತಾಗುವ ಕಾಯಿಲೆ, ಪಾಲಕರ ಮಾನಸಿಕ ಅಸ್ವಸ್ಥತೆ, ದೌರ್ಜನ್ಯ. ಮೇಲಕ್ಕೆ ಎತ್ತುವವು ಇಷ್ಟು ನಾಟಕೀಯವಲ್ಲ. ಪಾಲಕರ ಖಿನ್ನತೆ ಗುಣವಾಗುವುದು, ಮನೆಯ ಜಗಳ ನಿಲ್ಲುವುದು, ಮೇಲೆ ಹೇಳಿದ ಸರಪಳಿ ದಿನಕ್ಕೆ ಒಂದೆರಡು ಸಲವಾದರೂ ಪೂರ್ತಿಯಾಗುವುದು. ಆ ಎರಡು ವರ್ಷ ಅಜ್ಜಿಯೋ ಅಪ್ಪನೋ ಅವನನ್ನು ನೋಡಿಕೊಂಡಿದ್ದರೆ ಅವನಿಗೆ ಒಂದು ಸುರಕ್ಷಿತ ನಂಟು ಆಗಲೇ ಸಿಕ್ಕಿರಬಹುದು. ಮಗುವಿಗೆ ಒಬ್ಬರೇ ಇರಬೇಕೆಂಬ ನಿಯಮವಿಲ್ಲ.

ನಿಮಗೆ ಹೇಳಬೇಕಾದ ಇನ್ನೊಂದು ಮಾತಿದೆ. ತಪ್ಪಿತಸ್ಥ ಭಾವದಿಂದ ಒಂಬತ್ತು ವರ್ಷದವನನ್ನು ಎರಡು ವರ್ಷದವನಂತೆ ಸಾಕಿ 'ಬಾಕಿ ತೀರಿಸಲು' ಹೋಗಬೇಡಿ. ಕಳೆದುಹೋದ ಎರಡು ವರ್ಷ ಅವನ ಲೆಕ್ಕದಲ್ಲಿಲ್ಲ. ಒಂಬತ್ತು ವರ್ಷದವನಿಗೆ ಬೇಕಾದ್ದು ಕೊಡಿ. ಖಿನ್ನತೆ ಮರಳುವ ಲಕ್ಷಣ ಕಂಡರೆ ಬೇಗ ಚಿಕಿತ್ಸೆ ತೆಗೆದುಕೊಳ್ಳಿ. ಅದು ಅವನಿಗಾಗಿಯೂ ಮಾಡುವ ಕೆಲಸ.

ಪ್ರಶ್ನೆ: ಕೆಲಸದ ಮೇಲೆ ತಿಂಗಳಲ್ಲಿ ಹಲವು ದಿನ ಹೊರಗಿರುತ್ತೇನೆ. ಮಗಳಿಗೆ (9) ದಿನವೂ ಮೆಸೇಜ್ ಮಾಡುತ್ತೇನೆ. ಸಾಕೇ?

ಉತ್ತರ: ಫೋನ್ ಮಾಡಿ. ಅಮೆರಿಕದ ಲೆಸ್ಲಿ ಸೆಲ್ಟ್ಜರ್ ಮತ್ತು ಸಂಗಡಿಗರು 7ರಿಂದ 12 ವರ್ಷದ ಹುಡುಗಿಯರನ್ನು ಅಪರಿಚಿತರ ಮುಂದೆ ಭಾಷಣ ಮಾಡಿಸಿ, ಲೆಕ್ಕ ಬಿಡಿಸಿ ಒತ್ತಡಕ್ಕೆ ಒಳಪಡಿಸಿದರು. ಆಮೇಲೆ ಫೋನಿನಲ್ಲಿ ಅಮ್ಮನ ದನಿ ಕೇಳಿದವರಲ್ಲೂ ಅಮ್ಮ ಎದುರೇ ಬಂದು ತಬ್ಬಿಕೊಂಡವರಲ್ಲೂ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಇಳಿಯಿತು, ನಂಟಿನ ಹಾರ್ಮೋನು ಎನ್ನಲಾಗುವ ಆಕ್ಸಿಟೋಸಿನ್ ಏರಿತು (2010). ಬರಹದ ಸಂದೇಶ ಮಾತ್ರ ಸಿಕ್ಕವರಲ್ಲಿ ಹಾಗಾಗಲಿಲ್ಲ (2012). ಸಣ್ಣ ಅಧ್ಯಯನಗಳು, ಹುಡುಗಿಯರ ಮೇಲಷ್ಟೇ ಮಾಡಿದ್ದು. ಆದರೂ ಐದು ನಿಮಿಷದ ಕರೆಗೆ ಖರ್ಚೇನೂ ಇಲ್ಲ. ಹೊತ್ತು ನಿಗದಿ ಮಾಡಿ, ಆ ಹೊತ್ತಿಗೇ ಮಾಡಿ. ಆಗದಿದ್ದರೆ ಮುಂಚೆಯೇ ತಿಳಿಸಿ.

ಪ್ರಶ್ನೆ: ಹನ್ನೊಂದು ವರ್ಷದ ಮಗ ಇನ್ನೂ ಒಬ್ಬನೇ ಮಲಗುವುದಿಲ್ಲ. ನಾನು ಅಂಗಡಿಗೆ ಹೋದರೂ ಹತ್ತು ಸಲ ಕರೆ ಮಾಡುತ್ತಾನೆ. ಇಷ್ಟು ಹಚ್ಚಿಕೊಂಡಿದ್ದಾನೆ ಎಂದರೆ ಬಾಂಧವ್ಯ ಗಟ್ಟಿಯಾಗಿದೆ ಎಂದಲ್ಲವೇ?

ಉತ್ತರ: ಹಚ್ಚಿಕೊಳ್ಳುವುದೇ ಬೇರೆ, ಭದ್ರತೆಯೇ ಬೇರೆ. ಭದ್ರತೆ ಇರುವ ಮಗು ಪದೇ ಪದೇ ಪರೀಕ್ಷಿಸುವುದಿಲ್ಲ. ಪಾಲಕರ ಸ್ಪಂದನೆ ಒಮ್ಮೆ ಉಕ್ಕಿ ಹರಿದು, ಒಮ್ಮೆ ಬತ್ತಿಹೋಗಿ, ಯಾವಾಗ ಹೇಗಿರುತ್ತದೆ ಎಂದು ಗೊತ್ತಾಗದಿದ್ದಾಗ ಮಗು ಜೋರಾಗಿ, ಮೇಲಿಂದ ಮೇಲೆ ಕರೆಯುವುದನ್ನು ಕಲಿಯುತ್ತದೆ. ಆದರೆ ಇದೊಂದೇ ಕಾರಣ ಎಂದುಕೊಳ್ಳಬೇಡಿ. ಹುಟ್ಟಿನಿಂದಲೇ ಅಂಜುಬುರುಕು ಸ್ವಭಾವದ ಮಕ್ಕಳಿದ್ದಾರೆ. ಶಾಲೆಯಲ್ಲಿ ಏನೋ ನಡೆದು ಹೀಗಾಗಿರಬಹುದು. ಬೇರ್ಪಡುವ ಆತಂಕ ಎಂಬ ಚಿಕಿತ್ಸೆಗೆ ಒಗ್ಗುವ ಸಮಸ್ಯೆಯೇ ಆಗಿರಬಹುದು.

ಇಂಥಲ್ಲಿ ಮನೆಮಂದಿ ಎರಡು ತುದಿಗೆ ಹೋಗುತ್ತಾರೆ. ಒಬ್ಬರು ಹತ್ತೂ ಕರೆಗೆ ಉತ್ತರಿಸುತ್ತಾರೆ, ಇನ್ನೊಬ್ಬರು 'ಇಷ್ಟು ದೊಡ್ಡವನಾಗಿ ನಾಚಿಕೆ ಇಲ್ಲವಾ' ಎಂದು ಗದರುತ್ತಾರೆ. ಮೊದಲನೆಯದು 'ನಿನ್ನಿಂದ ಆಗದು' ಎಂದು ಹೇಳಿದಂತೆ, ಎರಡನೆಯದು 'ನಾನು ಸಿಗುವುದಿಲ್ಲ' ಎಂದು. ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಜ್ ರೂಪಿಸಿದ ಪದ್ಧತಿ ಎರಡನ್ನೂ ಬಿಡಿಸುತ್ತದೆ. ಅದರ ವಿಶೇಷವೆಂದರೆ ಕೆಲಸವೆಲ್ಲ ಪಾಲಕರದ್ದು. 7ರಿಂದ 14 ವರ್ಷದ 124 ಮಕ್ಕಳ ಮೇಲೆ ನಡೆದ 2020ರ ಪ್ರಯೋಗದಲ್ಲಿ ಅದು ಯೋಚನೆ, ನಡವಳಿಕೆಗಳನ್ನು ಬದಲಿಸಲು ಕಲಿಸುತ್ತ ಮಗುವಿಗೇ ನೇರ ಕೊಡುವ ಅರಿವು-ವರ್ತನೆ ಚಿಕಿತ್ಸೆಗಿಂತ ಕಡಿಮೆಯೇನೂ ಇರಲಿಲ್ಲ.

ಅದರ ತಿರುಳನ್ನು ನೀವು ಹೀಗೆ ಬಳಸಬಹುದು. ಆತಂಕಕ್ಕೆ ಮಣಿದು ನೀವು ಮಾಡುತ್ತಿರುವುದನ್ನೆಲ್ಲ ಒಂದು ವಾರ ಬರೆದಿಡಿ. ಅದರಲ್ಲಿ ಒಂದನ್ನು ಮಾತ್ರ ಆರಿಸಿ, ದಿನವೂ ನಡೆಯುವಂಥದ್ದು, ನಿಮ್ಮ ಕೈಯಲ್ಲಿರುವಂಥದ್ದು. ಕರೆಗಳು ಸರಿಯಾದ ಆಯ್ಕೆ. ಶಾಂತವಾಗಿರುವ ಹೊತ್ತಿನಲ್ಲಿ ಹೇಳಿ: 'ಒಬ್ಬನೇ ಇರುವುದು ನಿನಗೆ ಕಷ್ಟ ಅಂತ ಗೊತ್ತು. ನಿನ್ನಿಂದ ಆಗುತ್ತದೆ ಅಂತಲೂ ಗೊತ್ತು. ನಾಳೆಯಿಂದ ನಾನು ಹೊರಗೆ ಹೋದಾಗ ಒಂದು ಕರೆಗೆ ಉತ್ತರಿಸುತ್ತೇನೆ, ಇಷ್ಟು ಗಂಟೆಗೆ ಬರುತ್ತೇನೆ.' ಮೊದಲು 15 ನಿಮಿಷದ ಹೊರಹೋಗುವಿಕೆ, ಒಂದು ವಾರದ ಮೇಲೆ 30. ಹೇಳಿದ ಹೊತ್ತಿಗೆ ಬರುವುದು ಇಡೀ ಯೋಜನೆಯ ಜೀವ. ಐದು ನಿಮಿಷ ತಡವಾದರೂ ಅವನ ಭಯವೇ ಗೆದ್ದಂತೆ. ಮೊದಲ ಕೆಲವು ದಿನ ಅಳು, ಕೂಗಾಟ ಹೆಚ್ಚಾಗುತ್ತದೆ. ಬಹಳ ಮನೆಗಳಲ್ಲಿ ಯೋಜನೆ ಮುರಿದುಬೀಳುವುದು ಮೂರನೆಯ, ನಾಲ್ಕನೆಯ ದಿನ, ಅದೂ 'ಇದೊಂದು ಸಲ' ಎಂದು. ಹಾಗೆ ಮಣಿದರೆ ಹೆಚ್ಚು ಹೊತ್ತು ಕೂಗಿದರೆ ಕೆಲಸವಾಗುತ್ತದೆ ಎಂದು ಅವನು ಕಲಿಯುತ್ತಾನೆ. ಮಲಗುವ ಸಮಸ್ಯೆಗೆ ಇದಾದ ಮೇಲೆ ಕೈಹಾಕಿ, ಒಟ್ಟಿಗೆ ಬೇಡ.

ಪ್ರಶ್ನೆ: ನನ್ನ ಒಂಬತ್ತು ವರ್ಷದ ಮಗಳು ನನಗೇ ತಾಯಿಯಂತೆ. ಮುಖ ಸಪ್ಪಗಿದ್ದರೆ ನಗಿಸುತ್ತಾಳೆ, ನೀರು ತಂದುಕೊಡುತ್ತಾಳೆ, ನಾನೂ ಪತಿಯೂ ಮಾತು ಬಿಟ್ಟರೆ ಅವಳೇ ರಾಜಿ ಮಾಡಿಸುತ್ತಾಳೆ. ಇಂಥ ಮಗು ಪಡೆಯಲು ಪುಣ್ಯ ಬೇಕು ಎನ್ನುತ್ತಾರೆ.

ಉತ್ತರ: ಒಳ್ಳೆಯ ಮನಸ್ಸಿನ ಮಗು, ಅನುಮಾನವಿಲ್ಲ. ಆದರೂ ನಿಮ್ಮ ಪತ್ರ ನಮ್ಮನ್ನು ತಡೆದು ನಿಲ್ಲಿಸಿತು. ಮನೆಯ ದೊಡ್ಡವರು ಹೆದರಿದಂತೆ, ಕುಸಿದಂತೆ ಕಂಡರೆ ಕೆಲವು ಮಕ್ಕಳು ಐದಾರು ವರ್ಷಕ್ಕೇ ಪಾತ್ರ ಅದಲುಬದಲು ಮಾಡಿಕೊಳ್ಳುತ್ತಾರೆ. ಮೇರಿ ಮೇನ್ ಮತ್ತು ಜೂಡ್ ಕ್ಯಾಸಿಡಿ 1988ರಲ್ಲಿ ಆರು ವರ್ಷದ ಮಕ್ಕಳಲ್ಲಿ ಇದನ್ನು ವಿವರಿಸಿದರು. ಕೆಲವರು ಪಾಲಕರಿಗೆ ಆಜ್ಞೆ ಮಾಡಿ ಅವಮಾನಿಸಿ ಹಿಡಿತ ಸಾಧಿಸುತ್ತಾರೆ, ಕೆಲವರು ಆರೈಕೆ ಮಾಡಿ. ಎರಡನೆಯವರನ್ನು ಯಾರೂ ತಜ್ಞರ ಬಳಿ ಕರೆದೊಯ್ಯುವುದಿಲ್ಲ, ಏಕೆಂದರೆ ಅವರಿಂದ ಯಾರಿಗೂ ತೊಂದರೆಯಿಲ್ಲ.

ಕರುಣೆಗೂ ಇದಕ್ಕೂ ಗೆರೆ ಎಳೆಯುವುದು ಹೀಗೆ. ನೀವು ಬೇಸರದಲ್ಲಿದ್ದಾಗಲೂ ಅವಳು ಆಟಕ್ಕೆ ಹೋಗುತ್ತಾಳೆಯೇ? ತನಗೆ ಕಷ್ಟವಾದಾಗ ನಿಮ್ಮ ಹತ್ತಿರ ಬರುತ್ತಾಳೆಯೇ, ಅಥವಾ ಅಮ್ಮನಿಗೆ ನೋವಾಗುತ್ತದೆ ಎಂದು ಬಚ್ಚಿಡುತ್ತಾಳೆಯೇ? ನಿಮಗೆ ಸಿಟ್ಟು ತೋರಿಸಲು ಅವಳಿಗೆ ಧೈರ್ಯವಿದೆಯೇ? ಮೂರಕ್ಕೂ ಉತ್ತರ ಅನುಮಾನ ಹುಟ್ಟಿಸಿದರೆ ಕೆಲಸವನ್ನು ಅವಳ ಕೈಯಿಂದ ಮೆಲ್ಲಗೆ ಬಿಡಿಸಬೇಕು. 'ಅಮ್ಮನಿಗೆ ಇವತ್ತು ಬೇಸರ. ಅದು ನಿನ್ನಿಂದಲ್ಲ. ನಾನು ಚಿಕ್ಕಮ್ಮನ ಹತ್ತಿರ ಮಾತಾಡುತ್ತೇನೆ, ನೀನು ಆಡಿಕೊ' ಎಂದು ಬಾಯಿಬಿಟ್ಟು ಹೇಳಿ, ಹೇಳಿದಂತೆ ನಿಜವಾಗಿಯೂ ಇನ್ನೊಬ್ಬ ದೊಡ್ಡವರ ಹತ್ತಿರ ಹೋಗಿ. ಗಂಡ ಹೆಂಡಿರ ನಡುವೆ ಸುದ್ದಿ ಒಯ್ಯುವ ಕೆಲಸ ಇವತ್ತಿಗೇ ನಿಲ್ಲಲಿ. ಅವಳು ಎದುರುಮಾತಾಡಲು ಶುರುಮಾಡಿದರೆ, ಗುಣ ಕೆಡುತ್ತಿದೆ ಎಂದು ತಿಳಿಯಬೇಡಿ.

ಪ್ರಶ್ನೆ: ಎಲ್ಲ ಲೇಖನಗಳಲ್ಲೂ ತಾಯಿಯೇ. ತಂದೆಗೆ ಪಾತ್ರವಿಲ್ಲವೇ?

ಉತ್ತರ: ಸಂಶೋಧಕರು ಬಹುಕಾಲ ತಾಯಂದಿರನ್ನಷ್ಟೇ ಕರೆದು ಕೂರಿಸಿದ್ದರ ಫಲ ಅದು. ಜರ್ಮನಿಯ ಕಾರಿನ್ ಮತ್ತು ಕ್ಲಾಸ್ ಗ್ರಾಸ್‌ಮನ್ ದಂಪತಿ ಮಕ್ಕಳನ್ನು 16ನೇ ವಯಸ್ಸಿನವರೆಗೆ ಹಿಂಬಾಲಿಸಿದಾಗ ಕಂಡದ್ದು ಬೇರೆಯೇ. ಎರಡು ವರ್ಷದ ಮಗುವಿನ ಜೊತೆ ತಂದೆ ಆಡುವಾಗ ಎಷ್ಟು ಸೂಕ್ಷ್ಮವಾಗಿದ್ದರು, ಮಗುವಿನ ಶಕ್ತಿಗೆ ತಕ್ಕ ಸವಾಲು ಕೊಡುತ್ತಿದ್ದರೇ ಎಂಬುದು ಆ ಮಕ್ಕಳು ಹತ್ತು, ಹದಿನಾರಾದಾಗಿನ ಬಾಂಧವ್ಯದ ಭದ್ರತೆಯನ್ನು ಮುನ್ಸೂಚಿಸಿತು. ಶಾಲಾ ವಯಸ್ಸಿನಲ್ಲಿ ಅದು ಸೈಕಲ್ ಕಲಿಸುವಾಗ ಹಿಂದಿನಿಂದ ಹಿಡಿದು ಯಾವಾಗ ಕೈಬಿಡಬೇಕು ಎಂದು ತಿಳಿದಿರುವುದು. ತಾಯಿಗೂ ಇದು ಬರುತ್ತದೆ, ತಂದೆಗೆ ಕಣ್ಣೊರೆಸುವುದೂ ಬರುತ್ತದೆ.

ಪ್ರಶ್ನೆ: ಹನ್ನೆರಡರ ಮಗಳಿಗೆ ಈಗ ಗೆಳತಿಯರೇ ಎಲ್ಲ. ನನ್ನ ದನಿ ಕಿವಿಗೇ ಬೀಳುವುದಿಲ್ಲ. ನನ್ನ ಜಾಗ ಹೋಯಿತೇ?

ಉತ್ತರ: ಜಾಗ ಹೋಗುವುದು ಒಂದೇ ಏಟಿಗಲ್ಲ, ಕಂತಿನಲ್ಲಿ. ಸಿಂಡಿ ಹಾಝನ್ ಮತ್ತು ಡೆಬ್ರಾ ಝೈಫ್‌ಮನ್ 1994ರಲ್ಲಿ 6ರಿಂದ 17 ವರ್ಷದವರನ್ನು ಕೇಳಿ ಕಂಡುಕೊಂಡ ಕ್ರಮ ಹೀಗಿದೆ. ಯಾರ ಜೊತೆ ಹೊತ್ತು ಕಳೆಯಲು ಇಷ್ಟ ಎಂಬುದು ಬಹಳ ಬೇಗ, ಪ್ರಾಥಮಿಕ ಶಾಲೆಯಲ್ಲೇ, ಗೆಳೆಯರತ್ತ ವಾಲುತ್ತದೆ. ಮನಸ್ಸಿಗೆ ನೋವಾದಾಗ ಯಾರ ಹತ್ತಿರ ಹೋಗುತ್ತೀ ಎಂಬುದು 8ರಿಂದ 14ರ ನಡುವೆ ನಿಧಾನವಾಗಿ ಸರಿಯುತ್ತದೆ. ಏನೇ ಆದರೂ ಯಾರು ಇದ್ದೇ ಇರುತ್ತಾರೆ ಎಂಬುದಕ್ಕೆ ಮಾತ್ರ ಹದಿಹರೆಯದ ಕೊನೆಯವರೆಗೂ ಹೆಚ್ಚಿನವರ ಉತ್ತರ ಅಪ್ಪ ಅಮ್ಮನೇ. ನಿಮ್ಮ ಮಗಳು ಎರಡನೆಯ ಮೆಟ್ಟಿಲಲ್ಲಿದ್ದಾಳೆ.

ಕಿವಿಯ ವಿಷಯಕ್ಕೂ ಆಧಾರವಿದೆ. ಸ್ಟ್ಯಾನ್‌ಫರ್ಡ್‌ನ ಡೇನಿಯಲ್ ಏಬ್ರಮ್ಸ್ ತಂಡದ ಸ್ಕ್ಯಾನ್‌ಗಳಲ್ಲಿ 7ರಿಂದ 12 ವರ್ಷದವರ ಮಿದುಳಿನ ಖುಷಿಯ ಕೇಂದ್ರಗಳು ಅಪರಿಚಿತ ದನಿಗಿಂತ ಅಮ್ಮನ ದನಿಗೆ ಹೆಚ್ಚು ಸ್ಪಂದಿಸಿದವು. 13 ದಾಟಿದವರಲ್ಲಿ ಅದು ತಿರುವುಮುರುವಾಗಿತ್ತು (2022). ಅಮ್ಮನ ದನಿಯನ್ನು ಗುರುತಿಸುವುದರಲ್ಲಿ ಹದಿಹರೆಯದವರೇನೂ ಹಿಂದಿರಲಿಲ್ಲ. ಇನ್ನೊಂದು ಪ್ರಯೋಗದಲ್ಲಿ, ಭಾಷಣಕ್ಕೆ ತಯಾರಾಗುವಾಗ ಪಾಲಕರು ಜೊತೆಗಿದ್ದರೆ 9–10 ವರ್ಷದವರ ಕಾರ್ಟಿಸಾಲ್ ಏರಲಿಲ್ಲ. 15–16ರವರಲ್ಲಿ ಪಾಲಕರು ಇದ್ದರೂ ವ್ಯತ್ಯಾಸವಾಗಲಿಲ್ಲ. ಬರೀ ಪಕ್ಕದಲ್ಲಿ ಕೂತರೆ ತಣ್ಣಗಾಗುತ್ತಿದ್ದ ಕಾಲ ಮುಗಿಯುತ್ತ ಬಂತು ಎಂದರ್ಥ.

ಇಲ್ಲಿ ಕೆಡುವುದು ಸ್ಪರ್ಧೆಗಿಳಿದಾಗ. ಗೆಳತಿಯರನ್ನು ಹೀಗಳೆದರೆ ಅವಳು ಅವರ ಪರ ವಕಾಲತ್ತು ವಹಿಸಬೇಕಾಗುತ್ತದೆ, ನಾಳೆ ಅವರೇ ನೋವು ಕೊಟ್ಟಾಗ ನಿಮ್ಮ ಹತ್ತಿರ ಬರಲು ದಾರಿಯಿರುವುದಿಲ್ಲ. ಅವರು ನಿಮ್ಮ ಮನೆಗೆ ಬರಲಿ, ಹೆಸರು ನೆನಪಿಟ್ಟುಕೊಳ್ಳಿ. ಹೊರಗೆ ಹೋದಾಗ 'ಯಾವ ಹೊತ್ತಿಗಾದರೂ ಕರೆ ಮಾಡು, ಬಂದು ಕರೆದುಕೊಂಡು ಹೋಗುತ್ತೇನೆ, ಆ ರಾತ್ರಿ ಪ್ರಶ್ನೆ ಕೇಳುವುದಿಲ್ಲ' ಎಂದು ಮಾತು ಕೊಡಿ. ಕೊಟ್ಟರೆ ಉಳಿಸಿಕೊಳ್ಳಿ, ಪ್ರಶ್ನೆಗಳಿಗೆ ಮರುದಿನ ಮಧ್ಯಾಹ್ನ ಇದೆ.

ಪ್ರಶ್ನೆ: ಹದಿನಾಲ್ಕರ ಮಗನ ಫೋನನ್ನು ಅವನಿಗೆ ತಿಳಿಯದಂತೆ ನೋಡುತ್ತೇನೆ. ಎಲ್ಲ ಗೊತ್ತಿರುವುದು ಒಳ್ಳೆಯದಲ್ಲವೇ?

ಉತ್ತರ: ಗೊತ್ತಿರುವುದು ಒಳ್ಳೆಯದು. ಹೇಗೆ ಗೊತ್ತಾಯಿತು ಎಂಬುದರಲ್ಲಿದೆ ತಕರಾರು. ಹಾಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ 2000ದಲ್ಲಿ ಸ್ವೀಡನ್ನಿನ 14 ವರ್ಷದ 703 ಮಂದಿಯ ಅಧ್ಯಯನ ಪ್ರಕಟಿಸಿದರು. ಪಾಲಕರಿಗೆ ಮಕ್ಕಳ ಬಗ್ಗೆ ಗೊತ್ತಿದ್ದುದರ ದೊಡ್ಡ ಪಾಲು ಮಕ್ಕಳು ತಾವಾಗಿ ಹೇಳಿದ್ದರಿಂದ ಬಂದಿತ್ತು, ಪಹರೆಯಿಂದಲ್ಲ. ಕದ್ದು ನೋಡಿ ಸಿಕ್ಕಿದ್ದನ್ನು ನೀವು ಬಳಸಲೂ ಆಗದು, ಬಳಸಿದ ದಿನವೇ ಆ ದಾರಿ ಮುಚ್ಚುತ್ತದೆ, ಅವನು ಹೇಳುವ ದಾರಿಯೂ. ನಿಯಮ ಬೇಕಿದ್ದರೆ ಬಹಿರಂಗವಾಗಿರಲಿ: ರಾತ್ರಿ ಇಷ್ಟು ಗಂಟೆಗೆ ಫೋನ್ ಹಾಲ್‌ನಲ್ಲಿ, ಹೊಸ ಆ್ಯಪ್ ಹಾಕುವ ಮೊದಲು ಮಾತು. ಜೀವಕ್ಕೆ ಅಪಾಯವಿದೆ, ತನ್ನನ್ನು ತಾನು ಗಾಯಗೊಳಿಸಿಕೊಳ್ಳುತ್ತಿದ್ದಾನೆ, ಯಾರೋ ದೊಡ್ಡವರು ಬಲೆ ಬೀಸಿದ್ದಾರೆ ಎಂಬ ಗಟ್ಟಿ ಅನುಮಾನವಿದ್ದರೆ ನೋಡಿ. ಆಗಲೂ ನೋಡುತ್ತಿದ್ದೇನೆ ಎಂದು ಅವನಿಗೆ ಹೇಳಿಯೇ ನೋಡಿ.

ಪ್ರಶ್ನೆ: ಹದಿಮೂರರ ಮಗಳಿಗೂ ನನಗೂ ದಿನವೂ ಜಗಳ. ಮೊನ್ನೆ ಸಿಟ್ಟಿನಲ್ಲಿ 'ನೀನು ಹುಟ್ಟದಿದ್ದರೇ ಚೆನ್ನಾಗಿತ್ತು' ಎಂದುಬಿಟ್ಟೆ. ಅಂದಿನಿಂದ ಮಾತಿಲ್ಲ.

ಉತ್ತರ: ಜಗಳ ಸಮಸ್ಯೆಯಲ್ಲ, ಆ ವಾಕ್ಯ ಸಮಸ್ಯೆ. ವರ್ಜೀನಿಯಾ ವಿಶ್ವವಿದ್ಯಾಲಯದ ಜೋಸೆಫ್ ಅಲೆನ್ ತಂಡ ಹದಿಹರೆಯದವರನ್ನೂ ತಾಯಂದಿರನ್ನೂ ಒಂದು ಭಿನ್ನಾಭಿಪ್ರಾಯದ ಬಗ್ಗೆ ಮಾತಾಡಲು ಬಿಟ್ಟು ನೋಡಿತು (2003). ಸುರಕ್ಷಿತ ಬಾಂಧವ್ಯದ ಜೊತೆ ಕಾಣಿಸಿಕೊಂಡದ್ದು ಜಗಳವಿಲ್ಲದಿರುವುದಲ್ಲ. ಜಗಳದ ನಡುವೆಯೂ ನಂಟು ಬಿಡದಿರುವುದು, ಮಗುವಿನ ಮನಸ್ಸಿನಲ್ಲಿ ಏನಿದೆ ಎಂದು ತಾಯಿಗೆ ಗೊತ್ತಿರುವುದು, ಮತ್ತು ಅಮ್ಮನಲ್ಲೂ ಕೊರತೆಗಳಿವೆ ಎಂದು ಹೇಳುವ ಸ್ವಾತಂತ್ರ್ಯ ಮಗುವಿಗಿರುವುದು. 'ನೀನು ಯಾವಾಗಲೂ ಹೀಗೇ' ಎನ್ನುವ ಮಗಳು ಆ ಸ್ವಾತಂತ್ರ್ಯವನ್ನು ಒರಟಾಗಿ ಬಳಸುತ್ತಿದ್ದಾಳೆ.

ಹೋಗಲಿ, ಈಗ ಆಗಬೇಕಾದದ್ದು ದುರಸ್ತಿ. ಇವತ್ತೇ ಮಾಡಿ, ಅವಳಾಗಿ ಬರಲಿ ಎಂದು ಕಾಯಬೇಡಿ. ಈ ಕೆಲಸ ಯಾವತ್ತೂ ದೊಡ್ಡವರದ್ದು. ಬಾಗಿಲು ತಟ್ಟಿ, ಒಳಗೆ ಬರಲೇ ಎಂದು ಕೇಳಿ. ಆಡಿದ ಮಾತನ್ನು ಮರೆಮಾಚದೆ ಹೆಸರಿಸಿ: 'ಹುಟ್ಟದಿದ್ದರೆ ಚೆನ್ನಾಗಿತ್ತು ಅಂದೆ. ಅದು ಸುಳ್ಳು. ಹಾಗೆ ಹೇಳಬಾರದಿತ್ತು.' ಅವಳಿಗೆ ಹೇಗಾಗಿರಬಹುದು ಎಂಬ ಊಹೆಯನ್ನು ಒಂದೇ ವಾಕ್ಯದಲ್ಲಿ ಹೇಳಿ. ಇನ್ನು ಮುಂದೆ ಸಿಟ್ಟು ತಲೆಗೇರಿದಾಗ ಏನು ಮಾಡುತ್ತೀರಿ ಎಂದು ತಿಳಿಸಿ; 'ಇಪ್ಪತ್ತು ನಿಮಿಷ ಹೊರಗೆ ಹೋಗಿ ಬರುತ್ತೇನೆ, ಬಂದೇ ಬರುತ್ತೇನೆ.' ಅಲ್ಲಿಗೆ ನಿಲ್ಲಿಸಿ. ಇಡೀ ಮಾತು ಎರಡು ನಿಮಿಷ ದಾಟಬಾರದು.

ಕೆಡುವುದು ಹೇಗೆ ಎಂದರೆ, ಕ್ಷಮೆಯ ಬೆನ್ನಿಗೇ 'ಆದರೆ ನೀನೂ' ಬರುತ್ತದೆ. ಆ ಎರಡು ಶಬ್ದ ಬಂದರೆ ಮೊದಲಿನದ್ದೆಲ್ಲ ಅಳಿಸಿಹೋಯಿತು. ಅವಳ ತಪ್ಪಿನ ಮಾತು ಇದ್ದರೆ ಇನ್ನೊಂದು ದಿನಕ್ಕಿರಲಿ. ಎರಡನೆಯ ಎಡವಟ್ಟು, ಅತ್ತು ಅವಳಿಂದಲೇ ಸಮಾಧಾನ ಮಾಡಿಸಿಕೊಳ್ಳುವುದು. ಮೂರನೆಯದು, ತಕ್ಷಣ 'ಪರವಾಗಿಲ್ಲ ಅಮ್ಮ' ಕೇಳಬೇಕೆಂಬ ಆಸೆ. ಅವಳು ಗೋಡೆಯತ್ತ ತಿರುಗಿ ಮಲಗಿದ್ದರೂ ಕೇಳಿಸಿರುತ್ತದೆ.

ಕೂಸುಗಳ ಅಧ್ಯಯನದಲ್ಲೇ ಎಡ್ವರ್ಡ್ ಟ್ರಾನಿಕ್ ತೋರಿಸಿದ್ದೇನೆಂದರೆ, ಚೆನ್ನಾಗಿರುವ ಜೋಡಿಗಳಲ್ಲೂ ತಾಯಿ ಮಗುವಿನ ತಾಳ ಕೂಡಿರುವುದು ಸುಮಾರು ಮೂರನೇ ಒಂದು ಪಾಲು ಹೊತ್ತು ಮಾತ್ರ. ಮಿಕ್ಕ ಹೊತ್ತೆಲ್ಲ ತಪ್ಪುವುದು, ಮತ್ತೆ ಕೂಡಿಸುವುದು. ದಿನದ ಜಗಳಗಳ ಬಗ್ಗೆ ಹೇಳುವುದಾದರೆ, ವಾರಕ್ಕೆ ಒಂದೇ ವಿಷಯವನ್ನು ಪಟ್ಟುಹಿಡಿಯಲು ಆರಿಸಿಕೊಳ್ಳಿ, ಅದರಲ್ಲೂ ಅವಳ ಕಾರಣವನ್ನು ಅವಳು ಒಪ್ಪುವಂತೆ ನೀವು ಮರಳಿ ಹೇಳಬಲ್ಲಿರಾದ ಮೇಲಷ್ಟೇ ನಿಮ್ಮ ತೀರ್ಮಾನ ಹೇಳಿ.

ಪ್ರಶ್ನೆ: ಅಂತರ್ಜಾಲದ ಪ್ರಶ್ನಾವಳಿಯೊಂದು ನನ್ನ ಹತ್ತು ವರ್ಷದ ಮಗನಿಗೆ 'ಬಾಂಧವ್ಯ ರೋಗ' ಇದೆ ಎಂದಿತು. ಮುಂದೇನು?

ಉತ್ತರ: ಆ ಪುಟ ಮುಚ್ಚುವುದು ಮೊದಲ ಹೆಜ್ಜೆ. ಮನೋವೈದ್ಯರು ಕಾಯಿಲೆ ಗುರುತಿಸಲು ಬಳಸುವ ಕೈಪಿಡಿ ಡಿಎಸ್ಎಂ-5ರಲ್ಲಿ ಹೆಸರಿಸಿರುವ ಬಾಂಧವ್ಯ ಕಾಯಿಲೆ ವಿರಳ. ತೀವ್ರ ನಿರ್ಲಕ್ಷ್ಯ, ಪದೇ ಪದೇ ಬದಲಾದ ಪೋಷಕರು, ಮಕ್ಕಳು ಬಹಳ, ನೋಡಿಕೊಳ್ಳುವವರು ಕಡಿಮೆ ಇರುವ ಆಶ್ರಯಗಳು, ಇಂಥ ಹಿನ್ನೆಲೆಯಿಲ್ಲದೆ ಆ ಹೆಸರಿಡುವಂತಿಲ್ಲ. ಲಕ್ಷಣಗಳು ಐದು ವರ್ಷಕ್ಕೆ ಮೊದಲೇ ಕಾಣಿಸಿರಬೇಕು. ಅಸುರಕ್ಷಿತ ಬಾಂಧವ್ಯ ರೋಗವೇ ಅಲ್ಲ, ಅದು ನಂಟಿನ ಒಂದು ಬಗೆ ಅಷ್ಟೇ.

ಸಂಶೋಧಕರ ಬಳಿ ಈ ವಯಸ್ಸಿಗೆ ಅಳತೆಗಳಿವೆ. ಕ್ಯಾಥರಿನ್ ಕರ್ನ್ಸ್ 1996ರಲ್ಲಿ ರೂಪಿಸಿದ 15 ಪ್ರಶ್ನೆಗಳ ಮಾಪಕದಲ್ಲಿ 'ಕೆಲವು ಮಕ್ಕಳಿಗೆ ಅಮ್ಮನನ್ನು ನಂಬುವುದು ಸುಲಭ, ಕೆಲವರಿಗೆ ಅಷ್ಟು ಖಾತರಿಯಿಲ್ಲ, ನೀನು ಯಾರಂತೆ?' ಎಂಬ ಧಾಟಿಯಲ್ಲಿ ಕೇಳುತ್ತಾರೆ. ಇನ್ನೊಂದು ಸಂದರ್ಶನ, ಅದರಲ್ಲಿ ಮಗು ಏನು ಹೇಳಿತು ಎನ್ನುವಷ್ಟೇ ಮುಖ್ಯ ಹೇಗೆ ಹೇಳಿತು ಎಂಬುದು, 'ಅಮ್ಮ ಒಳ್ಳೆಯವಳು' ಎಂದ ಮಗು ಅದಕ್ಕೊಂದು ಉದಾಹರಣೆ ಕೊಡಬಲ್ಲದೇ ಎಂಬುದು. ಇವು ಗುಂಪುಗಳನ್ನು ಅಧ್ಯಯನ ಮಾಡಲು ಹುಟ್ಟಿದ ಸಾಧನಗಳು. ಒಂದು ಮಗುವಿನ ಮೇಲೆ ತೀರ್ಪು ಕೊಡಲು ಅವುಗಳ ಅಂಕ ಸಾಲದು.

ತಜ್ಞರನ್ನು ಕಾಣಬೇಕಾದ ಸಂದರ್ಭಗಳು ಬೇರೆ ಇವೆ. ಶಾಲೆ ಬಿಟ್ಟು ಎರಡು ವಾರವಾಗಿದ್ದರೆ, ನಿದ್ದೆ ಅಥವಾ ಊಟ ಕೆಟ್ಟಿದ್ದರೆ, ಸಾಯುವ ಮಾತಾಡಿದರೆ, ತನಗೆ ತಾನೇ ಗಾಯ ಮಾಡಿಕೊಂಡರೆ, ಮನೆಯವರನ್ನು ಕಂಡರೆ ಹೆದರಿದರೆ. ಸಾಯುವ ಮಾತಿದ್ದರೆ ಅದೇ ದಿನ ಹೋಗಬೇಕು. ಮಿಕ್ಕದ್ದಕ್ಕೆ ಹೋಗುವ ಮೊದಲು ಒಂದು ವಾರ ಮೂರು ವಿಷಯ ಬರೆದಿಡಿ: ಮಗನಿಗೆ ಬೇಸರವಾದದ್ದು ಯಾವಾಗ, ಆಗ ಅವನು ಯಾರ ಹತ್ತಿರ ಹೋದ, ಸಮಾಧಾನವಾಗಲು ಎಷ್ಟು ಹೊತ್ತು ಹಿಡಿಯಿತು. ಪ್ರಶ್ನಾವಳಿಯ ಫಲಿತಾಂಶಕ್ಕಿಂತ ಆ ಹಾಳೆ ತಜ್ಞರಿಗೆ ಹೆಚ್ಚು ಉಪಯೋಗ.